ಕಹಿಗೆ ಜಗ್ಗದ ಮೀಸೆ

“ನೋಡೇ ಇವಳೇ, ಈ ಮೀಸೆ ಸುಮ್ನೆ ಬಂದಿದ್ದಲ್ಲ. ನಿನ್ನ ನೋಡೋಕೆ ಬಂದಾಗ ಇಷ್ಟೇ ಇಷ್ಟಿತ್ತು. ಎಣ್ಣೆ ಹಚ್ಚಿ, ತೀಡಿ, ಮಗು ಥರ ಸಾಕಿದೀನಿ. ಈಗ ಕಾರ್ಖಾನೆಯ ಆ ಸುರಕ್ಷತೆ ಮೇಡಮ್ಮು, ಮಾಸ್ಕ್ ಕೂರಲ್ಲ, ಬೋಳಿಸಿ ಅಂತಾರೆ. ಇಲ್ಲಾಂದ್ರೆ ಪುಡಿ ಕೋಣೆ ಬಿಟ್ಟು ಡಬ್ಬಿಗೆ ಚೀಟಿ ಅಂಟಿಸ್ಬೇಕಂತೆ. ಪುಡಿ ಅರೆಯೋಕೆ ನನ್ನ ಬಿಟ್ರೆ ಯಾರಿದಾರೆ ಅಲ್ಲಿ? ಮೀಸೆನೂ ಬಿಡಲ್ಲ, ಕೋಣೆನೂ ಬಿಡಲ್ಲ ನಾನು!”

ಹೀಗೆ ಹೆಂಡತಿಯ ಮುಂದೆ ಕೂಗಾಡಿದ ಮೀಸೆ ಮಾಮ ಅರೆಯುತ್ತಿದ್ದುದು, ಹಲ್ಲು ಕಿತ್ತ ಕಡೆ ಮೂಳೆ ಮತ್ತೆ ಬೆಳೆಯಲೆಂದು ದವಡೆಗೆ ತುಂಬುವ ಪುಡಿ. ಒಂದೊಂದು ಕಣವೂ ಕಣ್ಣಿಗೆ ಕಾಣದಷ್ಟು ಸಣ್ಣದು. ದವಡೆಯಲ್ಲಿ ಕೂತರೆ ಮೂಳೆಗೆ ಆಸರೆ. ಉಸಿರಿನ ಜೊತೆ ಎದೆಗಿಳಿದರೆ ಏನು ಮಾಡುತ್ತದೋ, ಓದಿದವರೂ ಇನ್ನೂ ಹುಡುಕುತ್ತಲೇ ಇದ್ದರು. ಅದಕ್ಕೇ ಮಾಸ್ಕಿನ ಅಂಚು ಮುಖಕ್ಕೆ ಬಿಗಿಯಾಗಿ ಅಂಟಬೇಕು. ಮಾಮನ ಮೀಸೆಯೋ ಕೆನ್ನೆಯವರೆಗೆ ಹಬ್ಬಿತ್ತು.

ಪರೀಕ್ಷೆಗೆ ಮಾಸ್ಕು ಹಾಕಿಸಿ, ತಲೆಯ ಮೇಲೆ ಚೀಲದಂಥ ಮುಸುಕು ಇಳಿಬಿಟ್ಟು, ಒಳಗೆ ಕಹಿನೀರು ಸಿಂಪಡಿಸುತ್ತಿದ್ದರು. ನಾಲಿಗೆಗೆ ಕಹಿ ತಟ್ಟಿದರೆ ಮಾಸ್ಕು ಸೋರುತ್ತಿದೆ ಎಂದರ್ಥ. ಮೊದಲ ಸಲ ಮಾಮ ಮುಖ ಕಿವುಚಿ ಸಿಕ್ಕಿಬಿದ್ದಿದ್ದ. ಇನ್ನೊಂದೇ ಅವಕಾಶ ಎಂದಿದ್ದರು ಮೇಡಮ್.

ಮಾಮ ಉಪಾಯ ಹೂಡಿದ. ದಿನಾ ಬೆಳಿಗ್ಗೆ ಹಾಗಲಕಾಯಿ ರಸ ಕುಡಿದು, ಮುಖ ಕಲ್ಲಿನಂತೆ ಇಟ್ಟುಕೊಳ್ಳುವ ಅಭ್ಯಾಸ. ಹಿಂಡಿ ಕೊಡುವವಳು ಹೆಂಡತಿ.

“ರೀ, ಹುಬ್ಬು ಅಲ್ಲಾಡ್ತು!”

“ಇನ್ನೊಂದು ಲೋಟ ತಾರೇ.”

ಅವಳಿಗೆ ನಗು ತಡೆಯುತ್ತಿರಲಿಲ್ಲ. ಆದರೆ ಒಂದು ಸಂಜೆ ಅವನು ಮೀಸೆ ಬಾಚುವಾಗ ಬಾಚಣಿಗೆಯಿಂದ ಬಿಳಿ ಧೂಳು ಉದುರಿತು. ಮೀಸೆಯಲ್ಲೇ ಇಷ್ಟು ಕೂತಿದ್ದರೆ ಎದೆಗೆ ಎಷ್ಟು ಇಳಿದಿರಬೇಡ? ಅವಳ ನಗು ಅಲ್ಲೇ ನಿಂತಿತು.

ಮರುದಿನ ಅವನ ಚೀಲದಿಂದ ಊಟದ ಡಬ್ಬಿಯನ್ನು ತಾನೇ ತೆಗೆದಿಟ್ಟುಕೊಂಡು, ಆಮೇಲೆ “ಮರೆತು ಹೋಗಿದಾರೆ” ಎಂದು ಕಾರ್ಖಾನೆಯ ಬಾಗಿಲಿಗೆ ಹೋಗಿ ಮೇಡಮ್ಮನ್ನು ಹಿಡಿದಳು.

“ಮೇಡಮ್, ಕಹಿಗೆ ಇವ್ರು ಜಗ್ಗಲ್ಲ, ನಾನೇ ಪಳಗಿಸಿದೀನಿ. ಸಿಹಿ ಅಂದ್ರೆ ಮಾತ್ರ ನಾಲಿಗೆ ಹಿಡಿತದಲ್ಲಿರಲ್ಲ.”

ಮೇಡಮ್ ನಕ್ಕರು. ಕಹಿನೀರಿನ ಬದಲು ಸಿಹಿನೀರಿನಲ್ಲೂ ಅದೇ ಪರೀಕ್ಷೆ ಮಾಡಲು ಬರುತ್ತಿತ್ತು.

ಆ ದಿನ ಮಾಮ ಮುಸುಕಿನೊಳಗೆ ಬಂಡೆಯಂತೆ ಕೂತ. ನೀರು ಸಿಂಪಡಿಸಿದರು. ಹುಬ್ಬು ಅಲ್ಲಾಡಲಿಲ್ಲ. ಆದರೆ ಒಳಗಿಂದ ‘ಚಪ್’ ಅಂತ ಸದ್ದು ಬಂತು.

“ಮಾಮ, ಚಪ್ಪರಿಸಿದ್ದು ಏನನ್ನ?”

“ಕಹಿ ಇಲ್ವೇ ಇಲ್ಲ ಮೇಡಮ್! ಪಾಕ ಇದ್ದಂಗಿ...” ಮಾತು ಅರ್ಧಕ್ಕೇ ನಿಂತಿತು.

ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ಬೋಳುತುಟಿಯ ಗಂಡಸೊಬ್ಬ ಗೊಣಗುತ್ತಿದ್ದ. “ಸಿಹಿ ಹಾಕೋ ಬುದ್ಧಿ ಅವ್ರಿಗೆ ಯಾರು ಕೊಟ್ರೋ!”

“ಓದಿದವ್ರು ರೀ, ಅವ್ರಿಗೇ ಹೊಳೆದಿರತ್ತೆ. ಮುಖ ಈ ಕಡೆ ತಿರುಗಿಸಿ, ಇಲ್ಲೊಂದು ಕೂದಲು ಉಳಿದಿದೆ.”

ಅವನು ಅದನ್ನೂ ತೆಗೆದ. ಅವಳು ಸೋಪಿನ ನೀರನ್ನು ಬಚ್ಚಲಿಗೆ ಚೆಲ್ಲಿ, ಮಗ್ಗು ತೊಳೆದು ಬೋರಲು ಹಾಕಿದಳು.