ಕೆರೆಗಿಳಿದ ಸ್ವಿಸ್ ವಾಚು

1997ರ ಬೇಸಿಗೆಯ ಒಂದು ಭಾನುವಾರ, ದೇವರಾಯಸಮುದ್ರದ ಕೆರೆಯಲ್ಲಿ ನಮ್ಮ ಪಕ್ಕದ ಮನೆಯ ಬ್ಯಾಂಕ್ ಗುಮಾಸ್ತರ ವಾಚಿನೊಳಕ್ಕೆ ನೀರು ಹೋಯಿತು.

ಅದು ಚಿನ್ನದ ಅಂಚಿನ ಹಳೆಯ ಸ್ವಿಸ್ ವಾಚು. ಪುಂಗನೂರಿನ ಮಾವನವರು ತಾವು ಕಟ್ಟಿಕೊಳ್ಳುತ್ತಿದ್ದುದನ್ನೇ ಬಿಚ್ಚಿ, ಮದುವೆಯಲ್ಲಿ ಅಳಿಯನ ಕೈಗೆ ಕಟ್ಟಿದ್ದರು. ಈಜುವ ಮುನ್ನ ಗುಮಾಸ್ತರು ಕನ್ನಡಕ, ಉಂಗುರ ಎರಡನ್ನೂ ದಡದಲ್ಲಿಡುತ್ತಿದ್ದರು. ವಾಚನ್ನು ಮಾತ್ರ ಬಿಚ್ಚುತ್ತಿರಲಿಲ್ಲ.

"ತೆಗೆದಿಡಿ ಸಾರ್" ಎಂದರೆ, "ಸಮುದ್ರಕ್ಕೆ ಇಳಿಯೋ ವಾಚು ಕಣೋ ಇದು. ಈ ಕೆರೆ ಯಾವ ಲೆಕ್ಕ?" ಎನ್ನುತ್ತಿದ್ದರು. ಮುಳುಗಿ ಎದ್ದಾಗಲೆಲ್ಲ ಮಣಿಕಟ್ಟನ್ನು ನಮ್ಮ ಕಿವಿಗೆ ಹಿಡಿದು ಟಿಕ್ ಟಿಕ್ ಕೇಳಿಸುತ್ತಿದ್ದರು.

ಆ ವಾರ ಅವರು ವಾಚಿನ ಗೀರು ಬಿದ್ದ ಗಾಜನ್ನು ಪೇಟೆಯಲ್ಲಿ ಬದಲಾಯಿಸಿಕೊಂಡಿದ್ದರು. ಭಾನುವಾರ ಊರಿಂದ ಬಂದಿದ್ದ ಮಾವನವರೂ ಅಳಿಯನ ಈಜು ನೋಡಲು ದಡದಲ್ಲಿ ಕೂತಿದ್ದರು. ಗುಮಾಸ್ತರು ಮುಳುಗಿ ಎದ್ದು, ವಾಚು ನೋಡಿ, ಕೈಯನ್ನು ಮೆಲ್ಲಗೆ ಮತ್ತೆ ನೀರೊಳಗೇ ಇಳಿಸಿದರು. ಹೊಸ ಗಾಜಿನ ಅಂಚಿನಿಂದ ನೀರು ನುಗ್ಗಿ ಒಳಗೆ ಮಂಜು ಕಟ್ಟಿತ್ತು.

"ಅಲ್ಲುಡುಗಾರೂ, ಟೈಮೆಷ್ಟು?" ಮಾವನವರು ಅಳಿಯನನ್ನು ಕರೆಯುತ್ತಿದ್ದುದು ತೆಲುಗಿನಲ್ಲೇ.

"ಊಟದ ಹೊತ್ತಾಯ್ತು, ಮಾವ."

"ಅದನ್ನ ನನ್ನ ಹೊಟ್ಟೇನೇ ಹೇಳ್ತಿದೆ. ವಾಚು ಏನು ಹೇಳುತ್ತೆ?"

ಗುಮಾಸ್ತರು ದಡಕ್ಕೆ ಬಂದು ಕೈ ಚಾಚಿದರು. ಮಾವನವರು ಬಯ್ಯಲಿಲ್ಲ. ವಾಚನ್ನು ಬಿಚ್ಚಿ ಟವೆಲ್ಲಿನಲ್ಲಿ ಸುತ್ತಿಕೊಂಡು, "ರಿಪೇರಿ ಮಾಡಿಸ್ತೀನಿ" ಎಂದರು.

2004ರಲ್ಲಿ ಮುಳಬಾಗಿಲಿನ ಒಂದು ಮದುವೆಯಲ್ಲಿ ಮಾವನವರನ್ನು ಮತ್ತೆ ಕಂಡೆ. ವಾಚು ಅವರ ಕೈಯಲ್ಲಿತ್ತು, ಸರಿಯಾಗಿ ನಡೆಯುತ್ತಿತ್ತು. ಊಟಕ್ಕೆ ಮುಂಚೆ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಅವರು ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು.