ಬೆಲ್ಟಿನ ಐದು ತೂತು

ಈ ಬೆಲ್ಟಿಗೆ ನಾನು ಹೊಡೆಸಿದ ಐದು ತೂತುಗಳಿಗೆ ಆದ ಖರ್ಚು ಒಟ್ಟು ಮೂರು ರೂಪಾಯಿ. ಬನ್ನಿಮಂಟಪದ ನಮ್ಮ ರಸ್ತೆಯ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ ಕೂತು ಚಪ್ಪಲಿ ಹೊಲಿಯುತ್ತಿದ್ದ ಮಾದಯ್ಯ ತೂತಿಗೆ ಒಂದು ರೂಪಾಯಿ ಕೇಳಿದ್ದ. ಒಂದೊಂದಾಗಿ ಹೊಡೆಸಿದರೆ ಚಿಲ್ಲರೆ ರೇಟು, ಐದಕ್ಕೂ ಮೊದಲೇ ಮಾತಾಡಿಕೊಂಡರೆ ಹೋಲ್‌ಸೇಲು ಎಂದು ವಾದಿಸಿ ಎರಡು ರೂಪಾಯಿ ಉಳಿಸಿದ್ದೆ. ನಿನ್ನೆ ಬೀರುವಿನ ತಳ ಚೊಕ್ಕಟ ಮಾಡುವಾಗ ಸುರುಳಿ ಸುತ್ತಿಕೊಂಡು ಬಿದ್ದಿದ್ದ ಬೆಲ್ಟು ಕೈಗೆ ಸಿಕ್ಕಿತು. ಹತ್ತು ವರ್ಷದ ಮೇಲಾದರೂ ತೊಗಲಿನ ವಾಸನೆ ಹೋಗಿಲ್ಲ. ಕೊನೆಯ ತೂತಿನ ಮೇಲೆ ಬೆರಳಿಟ್ಟೆ ನೋಡಿ, ಚೊಕ್ಕಟ ಮಾಡುವುದನ್ನು ಅಲ್ಲಿಗೇ ಬಿಟ್ಟು ಮಂಚದ ಮೇಲೆ ಕೂತುಬಿಟ್ಟೆ.

ನನ್ನ ವ್ಯಾಪಾರ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕೆಡವುವ ಹಳೆಯ ಮನೆಗಳ ಬಾಗಿಲು, ಕಿಟಕಿ, ತೊಲೆಗಳನ್ನು ಕೊಂಡು ಹೊಸ ಮನೆ ಕಟ್ಟಿಸುವವರಿಗೆ ಮಾರುವುದು. ಸೈಕಲ್ಲಿನ ಕ್ಯಾರಿಯರಿಗೆ ಒಂದೇ ಒಂದು ಕಿಟಕಿ ಕಟ್ಟಿಕೊಂಡು ಶುರು ಮಾಡಿದವನು ನಾನು. ದಟ್ಟಗಳ್ಳಿ ಕಡೆ ಬಡಾವಣೆಗಳು ಏಳತೊಡಗಿದ ಮೇಲೆ ಮಳಿಗೆ ಮಾಡಿದೆ. ಈ ಕಸುಬಿನಲ್ಲಿ ಕಲಿಯಬೇಕಾದ್ದು ಇಷ್ಟೇ: ತೇಗದ ಬಾಗಿಲು ಎತ್ತಿದಾಗ ಭಾರ ಇರಬೇಕು. ಸಲೀಸಾಗಿ ಎದ್ದು ಬಂತೋ, ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಮೇಲೆ ಪಾಲಿಷ್ ಎಷ್ಟೇ ಹೊಳೆಯಲಿ, ಒಳಗೆ ಗೆದ್ದಲು ತಿಂದಿದ್ದರೆ ಟೊಳ್ಳು ಸದ್ದು ಬರುತ್ತದೆ. ಇದನ್ನು ಎಷ್ಟು ಗಿರಾಕಿಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನೀವೂ ನೆನಪಿಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ. ನನಗೆ ಮಾತ್ರ ಬೇಕಾದಾಗ ಬರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಮಳಿಗೆಯ ಬಡಗಿ ಪುಟ್ಟಸ್ವಾಮಿಯ ಮಗಳು ಸವಿತಾಗೆ ಎಡಗಾಲು ಪೋಲಿಯೊ. ಆಪರೇಷನ್ ಮಾಡಿಸಿದರೆ ಕೋಲಿಲ್ಲದೆ ನಡೆಯುತ್ತಾಳೆ ಎಂದಿದ್ದರು ಆಸ್ಪತ್ರೆಯವರು. ಹದಿನೆಂಟು ಸಾವಿರ ಬೇಕಿತ್ತು. ನನ್ನ ಬಂಡವಾಳವೆಲ್ಲ ಒಂದು ಹಳೆಯ ಮನೆಯ ತೊಲೆಗಳಲ್ಲಿ ಸಿಕ್ಕಿಕೊಂಡಿತ್ತು. ಹಾಗಾಗಿ ನಮ್ಮ ರಸ್ತೆಯ ಆರು ಅಂಗಡಿಯವರನ್ನು ಟೀ ಹೊತ್ತಿಗೆ ಒಟ್ಟಿಗೆ ಹಿಡಿದೆ. ಅವರಲ್ಲಿ ಹಿರಿಯರು ಕಬ್ಬಿಣದಂಗಡಿಯ ಶಿವಲಿಂಗಪ್ಪನವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಕುಚೋದ್ಯ.

"ಕೊಡಾನ ಕಣ್ರೀ," ಎಂದರು ನನ್ನ ಹೊಟ್ಟೆಯನ್ನೇ ನೋಡುತ್ತ. "ಆದ್ರೆ ನೀವು ಸುಮ್ನೆ ಬಾಯಲ್ಲಿ ಕೇಳಿದ್ರೆ ಎಂಗೆ? ಈ ಹೊಟ್ಟೆ ಹನ್ನೆರಡು ಕೆ.ಜಿ. ಇಳಿಸಿ. ಆರೂ ಜನ ಸೇರಿ ಹದಿನೆಂಟು ಸಾವಿರ ಎಣಿಸ್ಬುಡ್ತೀವಿ. ಇಳೀಲಿಲ್ಲ ಅಂದ್ರೆ ನಯಾಪೈಸೆ ಇಲ್ಲ."

ಎಲ್ಲರೂ ನಕ್ಕರು. ತೊಂಬತ್ತನಾಲ್ಕು ಕೆ.ಜಿ. ಇದ್ದವನು ನಾನು. ಮೂರು ತಿಂಗಳ ಗಡುವು ಕೇಳಿದೆ, ಒಪ್ಪಿದರು. ಅವರದೇ ಅಂಗಡಿಯ ಕಬ್ಬಿಣ ತೂಗುವ ತಕ್ಕಡಿಯ ಹಲಗೆಯ ಮೇಲೆ ನಿಂತು ಕರಾರು ಮಾಡಿಕೊಂಡೆ. ಪ್ರತಿ ಭಾನುವಾರ ಎಲ್ಲರ ಮುಂದೆ ತೂಕ.

ದಸರೆಯ ಪಂಜಿನ ಕವಾಯತು ನಡೆಯುವ ಮೈದಾನದ ಸುತ್ತ ಬೆಳಿಗ್ಗೆ ನಡಿಗೆ ಶುರುವಾಯಿತು. ಮೊದಲ ತಿಂಗಳು ಒದ್ದಾಡಿ ಮೂರು ಕೆ.ಜಿ. ಇಳಿಸಿದೆ. ಮಂಡಿ ಊದಿತು, ಹೆಂಡತಿ ಅನ್ನದ ಪಾತ್ರೆ ಬಚ್ಚಿಟ್ಟಳು. ಆಮೇಲೆ ನೋಡಿ, ಅದೃಷ್ಟ ತಿರುಗಿತು. ನಡಿಗೆ ಅಷ್ಟೇ, ಊಟ ಇನ್ನೂ ಸ್ವಲ್ಪ ಜಾಸ್ತಿಯೇ, ತೂಕ ಮಾತ್ರ ತಾನಾಗಿ ಜಾರತೊಡಗಿತು. ಒಂದು ವಾರ ಎರಡು ಕೆ.ಜಿ.ಯೂ ಇಳಿಯಿತು. ನಡಿಗೆಯ ಬಿಸಿಗೋ ಏನೋ ಬಾಯಾರಿಕೆ ವಿಪರೀತ. ಮೈದಾನದ ಹತ್ತಿರದ ಕಬ್ಬಿನ ಹಾಲಿನವನ ಹತ್ತಿರ ಎರಡು ಲೋಟದ ದುಡ್ಡಿಗೆ ಮೂರು ಲೋಟ ಎಂದು ತಿಂಗಳ ಲೆಕ್ಕ ಮಾಡಿಕೊಂಡೆ. ಆ ಚೌಕಾಸಿಯನ್ನು ನಾಲ್ಕು ಜನಕ್ಕೆ ಹೇಳಿಕೊಂಡು ಓಡಾಡಿದ್ದೂ ಉಂಟು.

ಪ್ಯಾಂಟು ನಿಲ್ಲದಾದಾಗಲೇ ಮಾದಯ್ಯನ ಹತ್ತಿರ ಹೋದದ್ದು. ಮೊದಲು ಎರಡು ತೂತು. ಹದಿನೈದು ದಿನಕ್ಕೆ ಮತ್ತೆರಡು. ಆವತ್ತು ಅವನು ಉಳಿ ಕೆಳಗಿಟ್ಟು ನನ್ನ ಮುಖ ನೋಡಿದ.

"ಯಜಮಾನ್ರೆ, ಬೇಜಾರು ಮಾಡ್ಕಬೇಡಿ. ನಲವತ್ತು ವರ್ಸದಿಂದ ತೂತು ಆಕ್ತಾ ಇವ್ನಿ. ಇಷ್ಟು ಬೇಗ ಬೇಗ ಆಕುಸ್ಕಂಡೋರು ಯಾರೂ ಸುಖವಾಗಿರ್ನಿಲ್ಲ. ಒಂದ್ಸಲ ಡಾಕ್ಟ್ರ ತಾವ ತೋರ್ಸಿ."

"ಐದಕ್ಕೆ ಮೂರು ರೂಪಾಯಿ ಅಂತ ಮಾತಾಗಿದೆ, ರೇಟು ಏರಿಸೋಕೆ ಕತೆ ಕಟ್ಟಬೇಡ ಮಾದಯ್ಯ," ಎಂದೆ. ಅವನು ಉಳಿ ಎತ್ತಿಕೊಂಡು ತೂತು ಹೊಡೆದು ಕೊಟ್ಟ. ಐದನೆಯದನ್ನೂ ಮುಂದಿನ ವಾರ ಹಾಗೆಯೇ ತಲೆ ತಗ್ಗಿಸಿಕೊಂಡು ಹೊಡೆದ.

ಹನ್ನೊಂದು ಕೆ.ಜಿ. ಇಳಿದಿತ್ತು. ಕೊನೆಯ ಭಾನುವಾರಕ್ಕೆ ನಾಲ್ಕು ದಿನವಿತ್ತು. ಆಪರೇಷನ್ನಿಗೆ ದಿನ ಗೊತ್ತು ಮಾಡಲು ಪುಟ್ಟಸ್ವಾಮಿಯ ಜೊತೆ ಆಸ್ಪತ್ರೆಗೆ ಹೋಗಿ ಬೆಂಚಿನ ಮೇಲೆ ಕಾಯುತ್ತಿದ್ದೆ. ಅಲ್ಲಿನ ನರ್ಸಮ್ಮ ಬಂದು ಕೇಳಿದಳು, "ಅಣ್ಣಾ, ಬಂದಾಗಿಂದ ನಾಲ್ಕು ಸಲ ನೀರಿಗೆ ಎದ್ರಿ, ಮೂರು ಸಲ ಬಾತ್‌ರೂಮಿಗೆ ಹೋದ್ರಿ. ಶುಗರ್ ನೋಡ್ಸಿದ್ದೀರಾ?"

"ನನಗೆಲ್ಲಿಂದಮ್ಮ ಶುಗರ್ರು. ದಿನಾ ನಡೀತೀನಿ, ಹನ್ನೊಂದು ಕೆ.ಜಿ. ಇಳಿಸಿದ್ದೀನಿ," ಎಂದೆ ಹೆಮ್ಮೆಯಿಂದ.

ಅವಳು ನಗಲಿಲ್ಲ. ಬೆರಳು ಚುಚ್ಚಿದಳು. ಯಂತ್ರದಲ್ಲಿ ನಾನೂರರ ಮೇಲೆ ಬಂತು. ಅಂಕಿ ನನಗೆ ಅರ್ಥವಾಗಲಿಲ್ಲ, ಅವಳ ಮುಖ ಅರ್ಥವಾಯಿತು. ಡಾಕ್ಟರು ಬಂದು ಎಲ್ಲ ಕೇಳಿ ತಿಳಿದುಕೊಂಡು, "ಇದು ನೀವು ಇಳಿಸಿದ ತೂಕ ಅಲ್ಲ. ಕಾಯಿಲೆ ನಿಮ್ಮ ಮೈ ಕರಗಿಸ್ತಾ ಇದೆ," ಎಂದರು.

ಸಲೀಸಾಗಿ ಎದ್ದು ಬಂದ ಬಾಗಿಲನ್ನು ಒಂದು ದಿನವೂ ತಟ್ಟಿ ನೋಡದೆ ಕೊಂಡವನಲ್ಲ ನಾನು. ನನ್ನ ಮೈಯೇ ವಾರ ವಾರ ಹಗುರಾಗುತ್ತಿದ್ದರೆ ಊರೆಲ್ಲ ತೋರಿಸಿಕೊಂಡು ತಿರುಗಿದ್ದೆ. ಆ ಸ್ಥಿತಿಯಲ್ಲೂ ನನ್ನ ಬಾಯಿಂದ ಬಂದ ಮಾತು ಕೇಳಿ: "ಅರ್ಧ ನಡಿಗೆಯದು, ಅರ್ಧ ಕಾಯಿಲೆಯದು ಅನ್ನಬಹುದಾ ಸಾರ್?"

"ಇದರಲ್ಲಿ ಚೌಕಾಸಿ ನಡೆಯಲ್ಲ," ಎಂದರು ಡಾಕ್ಟರು. "ಇವತ್ತೇ ಇನ್ಸುಲಿನ್ ಶುರು ಮಾಡಬೇಕು. ತೂಕ ಇಳಿಯೋದು ನಿಲ್ಲುತ್ತೆ, ಸ್ವಲ್ಪ ಏರಲೂಬಹುದು."

ಏರಿದರೆ ಹದಿನೆಂಟು ಸಾವಿರ ಹೋಯಿತು. ನಾಲ್ಕು ದಿನ ತಡೆದುಕೊಂಡರೆ ಇನ್ನೊಂದು ಕೆ.ಜಿ. ತಾನಾಗಿಯೇ ಕರಗುತ್ತದೆ, ಸೋಮವಾರ ಚುಚ್ಚಿಸಿಕೊಂಡರಾಯಿತು. ಈ ಲೆಕ್ಕ ತಲೆಯಲ್ಲಿ ಮುಗಿಯುವ ಮೊದಲೇ ಪುಟ್ಟಸ್ವಾಮಿ ನನ್ನ ತೋಳು ಹಿಡಿದ. ಹದಿಮೂರು ವರ್ಷ ನನ್ನ ಹತ್ತಿರ ಕೆಲಸ ಮಾಡಿದವನು, ಒಂದು ದಿನ ಎದುರು ಮಾತಾಡಿದವನಲ್ಲ.

"ನೀವೇನು ಲೆಕ್ಕ ಆಕ್ತಿದ್ದೀರಿ ಅಂತ ನಂಗೊತ್ತು ಅಣ್ಣಾ. ನನ್ ಮಗಳ ಕಾಲು ಇನ್ನೊಂದು ವರ್ಸ ಕಾಯ್ತದೆ ಬುಡಿ. ನೀವು ಈಗ ಚುಚ್ಚುಸ್ಕಳಿ. ಇಲ್ಲಾಂದ್ರೆ ಆ ದುಡ್ಡು ನಾನು ಮುಟ್ಟಕಿಲ್ಲ."

ಚುಚ್ಚಿಸಿಕೊಂಡೆ.

ಭಾನುವಾರ ತಕ್ಕಡಿಯ ಹಲಗೆ ಹತ್ತಿದಾಗ ಮುಳ್ಳು ಎಂಬತ್ತಮೂರಕ್ಕೆ ನಿಂತಿತು. ಒಂದು ಕೆ.ಜಿ. ಬಾಕಿ. ಅಲ್ಲಿ ನಿಂತೇ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಇಳಿಸಿದ್ದು ನಾನಲ್ಲ, ಸಕ್ಕರೆ ಕಾಯಿಲೆ, ಒಂದು ಕೆ.ಜಿ. ಕಡಿಮೆಯೂ ಬಿದ್ದಿದೆ. ಶಿವಲಿಂಗಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡು, ಮುಳ್ಳನ್ನು ಮತ್ತೊಮ್ಮೆ ನೋಡಿದರು.

"ಚಪ್ಪಲಿ ಬಿಚ್ಚಿ. ಬೆಲ್ಟು ಬಿಚ್ಚಿ. ಜೇಬಲ್ಲಿರೋ ಟೇಪು, ಬೀಗದ ಗೊಂಚಲು ಎಲ್ಲ ತೆಗೀರಿ."

"ಮೊದಲನೇ ದಿನವೂ ಇವೆಲ್ಲ ಇದ್ದವು ಸ್ವಾಮಿ, ಅದು ಲೆಕ್ಕ ಆಗಲ್ಲ," ಎಂದೆ.

"ಸುಮ್ನಿರ್ರೀ. ಕೊಡೋರು ನಾವು, ಚೌಕಾಸಿ ಮಾಡೋರು ನೀವಾ? ಕರಾರಲ್ಲಿ ಹನ್ನೆರಡು ಕೆ.ಜಿ. ಅಂತ ಇತ್ತು. ಎಂಗೆ ಇಳೀಬೇಕು ಅಂತ ಯಾರೂ ಏಳಿರ್ನಿಲ್ಲ."

ಮುಳ್ಳು ಎಲ್ಲಿ ನಿಂತಿತೋ ಯಾರೂ ನೋಡಲಿಲ್ಲ. ದುಡ್ಡು ಪುಟ್ಟಸ್ವಾಮಿಯ ಕೈ ಸೇರಿತು.

ಎರಡು ದಿನ ಬಿಟ್ಟು ಶಿವಲಿಂಗಪ್ಪನವರು ಮಳಿಗೆಗೆ ಬಂದು, ಯಾರೂ ಇಲ್ಲದ್ದು ನೋಡಿ, ಆ ಬೆರಳು ಚುಚ್ಚುವ ಜಾಗ ಎಲ್ಲಿದೆ ಎಂದು ಮೆತ್ತಗೆ ಕೇಳಿದರು. ಕರೆದುಕೊಂಡು ಹೋದೆ. ಒಂದು ಗ್ರಾಂ ತೂಕವೂ ಇಳಿಯದ ಅವರದು ನನ್ನ ಅಂಕಿಗಿಂತ ಹೆಚ್ಚು ಬಂತು. ಅವರ ಕುಚೋದ್ಯವಿಲ್ಲದ ಮುಖವನ್ನು ನಾನು ನೋಡಿದ್ದು ಅದೊಂದೇ ಸಲ.

ಸವಿತಾ ಈಗ ಟೈಪಿಂಗ್ ಕಲಿತು ಒಬ್ಬ ವಕೀಲರ ಆಫೀಸಿನಲ್ಲಿ ಇದ್ದಾಳೆ. ಸ್ವಲ್ಪ ಎಳೆದು ನಡೆಯುತ್ತಾಳೆ, ಕೋಲಿಲ್ಲ. ನಾನು ಆ ಬೆಲ್ಟಿನ ಮೂರನೇ ತೂತಿನ ಅಳತೆಗೆ ಹಿಂತಿರುಗಿ ಅಲ್ಲೇ ನಿಂತಿದ್ದೇನೆ. ಮಾದಯ್ಯನಿಗೆ ಆಗಲೇ ಹೋಗಿ ಹೇಳಿದ್ದೆ. "ನಾನು ಏಳಿದ್ನಲ್ಲ, ನೀವು ರೇಟಿಗೆ ಅಂದ್ಕಂಡ್ರಿ," ಎಂದಷ್ಟೇ ಅಂದು ಹೊಲಿಯುವ ದಾರಕ್ಕೆ ಮೇಣ ಸವರಿಕೊಂಡ. ಆ ಎರಡು ರೂಪಾಯಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ; ಮಾತಾದದ್ದು ಮೂರಕ್ಕೆ ಎಂದ. ಹೊಂಗೆ ಮರದ ಕೆಳಗೆ ಈಗ ಅವನಿಲ್ಲ.

ನೀವೂ ಯಾವುದಾದರೂ ಒಳ್ಳೆಯ ಕೆಲಸಕ್ಕೆಂದು ಮೈ ಇಳಿಸುವ ಪಂಥ ಕಟ್ಟುವುದಾದರೆ ಧಾರಾಳವಾಗಿ ಕಟ್ಟಿ. ಹೊರಡುವ ಮೊದಲೇ ರಕ್ತ ಪರೀಕ್ಷೆ ಮಾಡಿಸಿ, ಅದರ ಖರ್ಚು ಕರಾರಿನಲ್ಲೇ ಸೇರಿಸಿ. ಬೆವರಿಗಿಂತ ಹೆಚ್ಚು ತೂಕ ಇಳಿದ ವಾರ ಹಿಗ್ಗಬೇಡಿ, ಮತ್ತೆ ಪರೀಕ್ಷೆ ಮಾಡಿಸಿ. ನಡೆದು ಬಂದ ಬಾಯಾರಿಕೆಗೆ ಬರೀ ನೀರು ಸಾಕು. ಬೆಲ್ಟಿಗೆ ತೂತು ಹೊಡೆಯುವವನು ಒಂದು ರೂಪಾಯಿ ಕೇಳಿದರೆ ಒಂದು ರೂಪಾಯಿ ಕೊಡಿ. ಉಳಿ ಕೆಳಗಿಟ್ಟು ನಿಮ್ಮ ಮುಖ ನೋಡಿದನೋ, ಅವನ ಮಾತು ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡು ಕೇಳಿ.