ಜ್ಯೋತಿಲಕ್ಷ್ಮಿ ಅದಲು ಬದಲು ಮಾಡಿದ ಚೀಟಿ

ತೂಬಗೆರೆಯ ಜ್ಯೋತಿಲಕ್ಷ್ಮಿ ಎಲ್ಲೇ ಹಲಗೆ ಕಂಡರೂ ಮೊದಲು ಕಾಲಿನಿಂದ ಒತ್ತಿ ನೋಡಿ, ಆಮೇಲೆ ದಾಟುತ್ತಾಳೆ. ಬಸ್ಸಿನ ಮೆಟ್ಟಿಲನ್ನೂ ಬಿಡುವುದಿಲ್ಲ. ಹಿಂದಿನವರು ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ ಬಿಡಿ.

ದೊಡ್ಡಬಳ್ಳಾಪುರದ ಕಾರ್ಖಾನೆಯೊಂದರಲ್ಲಿ ನಾವಿಬ್ಬರೂ ಹನ್ನೊಂದು ವರ್ಷದಿಂದ ಇದ್ದೇವೆ. ಪ್ಲಾಸ್ಟಿಕ್ಕಿಗೆ ಕತ್ತಾಳೆ ನಾರು ಬೆರೆಸಿ ಹಲಗೆ ಮಾಡುವ ಜಾಗ. ನಾನು ತುಂಡು ಕತ್ತರಿಸುವವಳು, ಅವಳು ತೂಗುವವಳು. ತುಂಡನ್ನು ಒಂದು ದಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು, ಒರೆಸಿ ತೂಗಿದರೆ ಎಷ್ಟು ನೀರು ಕುಡಿದಿದೆ ಎಂದು ತಿಳಿಯುತ್ತದೆ. ಅವಳ ತೂಕ ತಪ್ಪಿದ್ದನ್ನು ನಾನು ಕಂಡಿಲ್ಲ.

ಕಳೆದ ವರ್ಷ ಹಳೆಯ ಹಲಗೆಗಳನ್ನು ಪುಡಿ ಮಾಡಿ, ಮತ್ತೆ ಕರಗಿಸಿ ಹಲಗೆ ಮಾಡಿದರು. ಅದನ್ನೂ ಹೊಸ ನಾರಿನ ಹಲಗೆಯನ್ನೂ ಮುಳುಗಿಸಿ ತೂಗಿದರೆ ಹೊಸದೇ ಹೆಚ್ಚು ನೀರು ಕುಡಿದಿತ್ತು! ಜ್ಯೋತಿ ಬೆವತುಹೋದಳು. ಹಳೇದು ಹೊಸದನ್ನು ಮೀರಿಸುವುದುಂಟೇ, ಚೀಟಿ ತಾನೇ ತಪ್ಪಾಗಿ ಅಂಟಿಸಿರಬೇಕು ಎಂದುಕೊಂಡು, ಕಡಿಮೆ ಕುಡಿದದ್ದಕ್ಕೆ ‘ಹೊಸದು’ ಎಂಬ ಚೀಟಿ ಅಂಟಿಸಿಬಿಟ್ಟಳು. ನಾನೂ ಹೂಂ ಅಂದೆ. ಬಸ್ಸಾರು ಮಾರನೇ ದಿನವೇ ರುಚಿ ಎಂದು ಗೊತ್ತಿದ್ದ ಬಾಯಿಗೆ ಅಂದು ಏನಾಗಿತ್ತೋ.

ಆ ಚೀಟಿ ನಂಬಿ ಹೊಸ ಹಲಗೆಗಳನ್ನು ನೀರು ಬೀಳುವ ಕಡೆಗೆಲ್ಲ ಕಳಿಸಿದರು. ತನ್ನ ಪಕ್ಕದ ಮನೆ ಸೊಣ್ಣಮ್ಮನ ಬಚ್ಚಲ ಮೋರಿಯ ಮೇಲೆ ಜ್ಯೋತಿಯೇ ಹೇಳಿ ಹಾಕಿಸಿದಳು. ಒಂದು ಮಳೆಗಾಲಕ್ಕೆ ಅವು ಊದಿ ಅಂಚು ಎದ್ದವು. ಸೊಣ್ಣಮ್ಮ ಎಡವಿ ಬಿದ್ದು ಸೊಂಟ ಮುರಿದುಕೊಂಡಳು.

ಆಮೇಲೆ ಎಂಜಿನಿಯರ್ ನವೀನ್‌ಕುಮಾರ್ ಮತ್ತೆ ತೂಗಿಸಿದರು. ಮತ್ತೆ ಅರೆದಾಗ ನಾರು ಸಣ್ಣಗಾಗಿ ಪ್ಲಾಸ್ಟಿಕ್ ಸುತ್ತಲೂ ಕವಿಯುತ್ತದಂತೆ, ಹೊಸದರಲ್ಲಿ ಉದ್ದ ನಾರಿನ ತುದಿಗಳು ಹೊರಗಿದ್ದು ನೀರು ಹೀರುತ್ತವಂತೆ. ಅವಳ ಮೊದಲ ತೂಕವೇ ಸರಿಯಿತ್ತು. ಚೀಟಿಯ ವಿಷಯ ಯಾರೂ ಕೇಳಲಿಲ್ಲ, ನಾವೂ ಬಾಯಿ ಬಿಡಲಿಲ್ಲ.

ಗೋಡೆಯಾಚೆ ಸೊಣ್ಣಮ್ಮನ ವಾಕರ್ ಟಕ್ ಎಂದಾಗಲೆಲ್ಲ ಜ್ಯೋತಿಯ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಬರಬರುತ್ತ ಆ ಸದ್ದು ಕಾರ್ಖಾನೆಯ ತೊಟ್ಟಿಯೊಳಗಿಂದಲೂ ಕೇಳತೊಡಗಿತು. ಭ್ರಮೆ ಕಣೇ ಎಂದು ಗದರಿದೆ. ನನಗೂ ಎರಡು ಸಲ ಕೇಳಿಸಿತ್ತು, ಹೇಳಲಿಲ್ಲ. ನನಗೆ ಭಯವಾಗಿತ್ತು.

ಮೊನ್ನೆ ಭಾನುವಾರ ಜ್ಯೋತಿ ತಡೆಯಲಾಗದೆ ನನ್ನನ್ನೂ ಎಳೆದುಕೊಂಡು ಸೊಣ್ಣಮ್ಮನ ಮುಂದೆ ಹೋಗಿ ಕೂತಳು.

“ಅತ್ತೆ, ಚೀಟಿ ಬದಲಾಯ್ಸಿದ್ದು ನಾನು. ನೀವು ಬಿದ್ದಿದ್ದು ನನ್ನಿಂದ.” ಬಿಡಿಸಿ ಎಲ್ಲ ಹೇಳಿದಳು.

ಸೊಣ್ಣಮ್ಮ ವಾಕರನ್ನು ಪಕ್ಕಕ್ಕೆ ಸರಿಸಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಕಣ್ ಕಾಣಲ್ಲ ನಿಂಗೆ, ಮೂಲೇಲಿ ಬಿದ್ದಿರು ಅಂತ ನನ್ ಮಗ ಎಂಟು ತಿಂಗ್ಳಿಂದ ಬೈತಾವ್ನೆ. ಕಣ್ಣೇ ಹೋಗೈತೆ ಅಂತ ನಾನೂ ನಂಬ್ಬಿಟ್ಟಿದ್ದೆ ಕಣಮ್ಮ,” ಎಂದು ಜ್ಯೋತಿಯ ಮಣಿಕಟ್ಟು ಹಿಡಿದುಕೊಂಡಳು. “ಅವ್ನು ಬರೋಗಂಟ ಇಲ್ಲಿಂದ ಏಳ್ಬೇಡ, ಅವ್ನ್ ಮುಂದೇನೂ ಇದ್ನೇ ಹೇಳು.”